ಸೊಳ್ಳೆಯಕ್ಕ ತೋಳು ಒಡ್ಡಿದ್ದು

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಆ ಹೆಂಗಸಿಗೆ ಸೊಳ್ಳೆಯಕ್ಕ ಎಂಬ ಹೆಸರು ಯಾವ ಕಾಲದಲ್ಲಿ ಬಿತ್ತೋ, ಅವಳಿಗೂ ನೆನಪಿರಲಿಲ್ಲ. ಬೇಜಾರಂತೂ ಇರಲಿಲ್ಲ. ಸೊಳ್ಳೆ ಕಚ್ಚಿದರೆ ಗೊತ್ತಾಗುತ್ತದೆ, ತಾನು ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದಳು. ಅದು ಬರೀ ಬಡಾಯಿಯಲ್ಲ. ರಚ್ಚೆ ಹಿಡಿದ ಮಕ್ಕಳೂ, ಸೂಜಿ ಕಂಡರೆ ತಲೆ ತಿರುಗಿ ಬೀಳುವ ದಢೂತಿ ಗಂಡಸರೂ ಅವಳ ಮಾತಿಗೆ ಕಿವಿಗೊಟ್ಟು ಕೂರುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿರುತ್ತಿತ್ತು.

ಒಮ್ಮೆ ಮೂಳೆ ವಿಭಾಗದ ಡಾಕ್ಟರಮ್ಮ ಅವಳನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ಊರಾಚೆ ಒಂದು ನೂಲಿನ ಗಿರಣಿಯಿತ್ತು, ಕಿಟಕಿಯಿಲ್ಲದ ಕಟ್ಟಡ. ಬೆಳಕು ಹರಿಯುವ ಮುಂಚೆ ಒಳಗೆ ಹೋದವರು ಹೊತ್ತು ಮುಳುಗಿದ ಮೇಲೆ ಹೊರಬರುತ್ತಿದ್ದರು. ಸೊಂಟ ನೋವು, ಕಾಲು ಸೆಳೆತ ಎನ್ನದವರೇ ಅಲ್ಲಿರಲಿಲ್ಲ. ಚರ್ಮದ ಮೇಲೆ ಬಿಸಿಲು ಬಿದ್ದಾಗ ವಿಟಮಿನ್ ಡಿಯನ್ನು ಮೈಯೇ ತಯಾರಿಸಿಕೊಳ್ಳುತ್ತದೆ, ಅದು ಕಡಿಮೆಯಾದರೆ ತಿಂದ ಸುಣ್ಣದಂಶ ಮೂಳೆಗೆ ಸರಿಯಾಗಿ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಯೋಜನೆ ಇಷ್ಟೇ: ಎಲ್ಲರ ರಕ್ತ ಪರೀಕ್ಷಿಸಿ, ಅರ್ಧ ಜನಕ್ಕೆ ವಿಟಮಿನ್ ಮಾತ್ರೆ, ಉಳಿದವರಿಗೆ ಅದೇ ಬಣ್ಣದ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊನೆಯವರೆಗೂ ಗುಟ್ಟು.

ಗಿರಣಿಯಲ್ಲಿ ಮೊದಲ ದಿನ ಒಬ್ಬರೂ ತೋಳು ಒಡ್ಡಲಿಲ್ಲ. ರಕ್ತ ಮಾರಿಕೊಳ್ಳುತ್ತಾರಂತೆ ಎಂದು ಯಾರೋ ಪುಕಾರು ಹಬ್ಬಿಸಿದ್ದರು. ಮೀಸೆಯ ಮೇಸ್ತ್ರಿ ಎದೆಯ ಮೇಲೆ ಕೈಕಟ್ಟಿ ನಿಂತು ಹೇಳಿದ: "ಮೊದಲು ನಿಮ್ಮ ರಕ್ತ ತೆಗೀರಿ ಅಕ್ಕಾ. ಆಮೇಲೆ ನಮ್ಮದು."

ಊರಿಗೆಲ್ಲ ಚುಚ್ಚಿದವಳಿಗೆ ತಾನು ಚುಚ್ಚಿಸಿಕೊಳ್ಳುವುದೆಂದರೆ ಪ್ರಾಣಭಯ. ಆದರೂ ಕುರ್ಚಿಯಲ್ಲಿ ಕೂತಳು. ಡಾಕ್ಟರಮ್ಮ ಸೂಜಿ ಹತ್ತಿರ ತಂದಿದ್ದೇ ತಡ, ಕಣ್ಣು ಬಿಗಿಯಾಗಿ ಮುಚ್ಚಿ ಪಕ್ಕದಲ್ಲಿದ್ದ ಮೇಸ್ತ್ರಿಯ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಇಡೀ ಗಿರಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಎದ್ದ ಕುರ್ಚಿಯಲ್ಲಿ ಮೇಸ್ತ್ರಿ ತಾನಾಗಿ ಕೂತ. ಅವನ ಹಿಂದೆ ಸಾಲು ಬೆಳೆಯಿತು.

ವರದಿ ಬಂದಾಗ ವಿಟಮಿನ್ ತೀರಾ ಕಡಿಮೆ ಇದ್ದವರಲ್ಲಿ ಅವಳೂ ಒಬ್ಬಳು. ಅವಳು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ದಿನವಿಡೀ ಕಿಟಕಿಯ ಪಕ್ಕದಲ್ಲೇ ಕೂರುತ್ತೇನೆ, ಮಡಿಲ ತುಂಬ ಬಿಸಿಲು ಎಂದು ವಾದಕ್ಕಿಳಿದಳು.

"ಗಾಜು ಮುಚ್ಚಿರುತ್ತಲ್ಲ ನಿನ್ನ ಕಿಟಕೀದು. ವಿಟಮಿನ್ ಕೊಡೋ ಕಿರಣ ಗಾಜು ದಾಟಿ ಬರೋದೇ ಇಲ್ಲ," ಎಂದರು ಡಾಕ್ಟರಮ್ಮ. ಸಂಶೋಧನೆಯಿಂದ ಅವಳ ಲೆಕ್ಕ ತೆಗೆದು, ಬೇರೆಯಾಗಿ ಔಷಧಿ ಬರೆದುಕೊಟ್ಟರು.

ಮನೆಯಲ್ಲಿ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯಿತು. ಅತ್ತೆ ದಿನವೂ ಮಧ್ಯಾಹ್ನ ನೆರೆಯವರೊಂದಿಗೆ ಮೆಟ್ಟಿಲ ಮೇಲೆ ಹರಟೆಗೆ ಕೂರುವವರು. ಬಿಸಿಲಲ್ಲಿ ಬಾಡಿಹೋಗ್ತೀರಿ ಎಂದು ಗದರುತ್ತಿದ್ದವಳು ಈ ಸೊಸೆಯೇ. ಅತ್ತೆ ಹಟ ಹಿಡಿದು ತಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಂಡರು. ಏನೂ ಕೊರತೆಯಿರಲಿಲ್ಲ. ಆ ವಾರವೆಲ್ಲ ಬೀದಿಯಲ್ಲಿ ಅವರನ್ನು ಹಿಡಿಯುವವರಿಲ್ಲ.

"ಹರಟೆ ಹೊಡೆಯೋರು ಕೆಲಸಕ್ಕೆ ಬಾರದೋರು ಅಂತಿದ್ದೆಯಲ್ಲೇ," ಎಂದರು. ಸೊಸೆ ನಕ್ಕು, ರಜೆಯ ದಿನ ತಾನೂ ಮೆಟ್ಟಿಲ ಮೇಲೆ ಜಾಗ ಕೇಳಿದಳು.

ಸಂಶೋಧನೆ ಮುಗಿದ ದಿನ ಡಾಕ್ಟರಮ್ಮ ಗಿರಣಿಗೇ ಬಂದು ಫಲಿತಾಂಶ ತಿಳಿಸಿದರು. ತೀರಾ ಕೊರತೆಯಿದ್ದು ನಿಜವಾದ ಮಾತ್ರೆ ನುಂಗಿದವರಿಗೆ ಉಳಿದವರಿಗಿಂತ ಹೆಚ್ಚು ಆರಾಮವಾಗಿತ್ತು. ಮೊದಲೇ ಸಾಕಷ್ಟು ಇದ್ದವರಿಗೆ ಮಾತ್ರೆಯಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಇದು ಸಕಲ ರೋಗಕ್ಕೂ ಮದ್ದಲ್ಲ, ಸಿಕ್ಕಾಪಟ್ಟೆ ನುಂಗಿದರೆ ಅಪಾಯ ಎಂದು ಎಚ್ಚರಿಸಿದರು.

ತನಗೆ ಸಿಕ್ಕಿದ್ದು ಅಸಲಿ ಮಾತ್ರೆಯೇ ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದ ಮೇಸ್ತ್ರಿಯದು ಖಾಲಿ ಮಾತ್ರೆಯಾಗಿತ್ತು. ಅವನ ಮೀಸೆ ಇಳಿಯಿತು.

"ಹಂಗಾದ್ರೆ ಕಡಿಮೆಯಾದ ನನ್ನ ಸೊಂಟ ನೋವು ಸುಳ್ಳಾ?" ಎಂದು ಸೊಳ್ಳೆಯಕ್ಕನನ್ನು ಕೇಳಿದ.

"ನೋವೂ ನಿಜ, ಕಡಿಮೆಯಾಗಿದ್ದೂ ನಿಜ," ಎಂದಳು ಅವಳು. "ನಂಬಿಕೆಯಿಂದ ಎಷ್ಟು, ಔಷಧಿಯಿಂದ ಎಷ್ಟು ಅಂತ ತಿಳ್ಕೊಳ್ಳೋಕೇ ಖಾಲಿ ಮಾತ್ರೆ ಕೊಡೋದು. ನಿಮ್ಮಿಂದಾನೇ ಅದು ಗೊತ್ತಾಗಿದ್ದು."

ಮೇಸ್ತ್ರಿಗೆ ಸಮಾಧಾನವಾಯಿತು. ಕೊರತೆಯಿದ್ದವರಿಗೆಲ್ಲ ಆ ದಿನವೇ ನಿಜವಾದ ಮಾತ್ರೆ ಹಂಚಿದರು. ಮಾಲೀಕರನ್ನು ಕಾಡಿಬೇಡಿ ಮೇಸ್ತ್ರಿ ಹಿತ್ತಲ ಬಾಗಿಲು ತೆಗೆಸಿದ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹಿತ್ತಲ ಬಿಸಿಲಿಗೆ ಬರತೊಡಗಿದರು. ಮರುವರ್ಷ ಮತ್ತೆ ರಕ್ತ ಪರೀಕ್ಷೆಗೆಂದು ಸೊಳ್ಳೆಯಕ್ಕ ಹೋದಾಗ ಗಿರಣಿಯವರು ಬಿಸಿಲಲ್ಲೇ ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು ಕಾಯುತ್ತಿದ್ದರು, ಒಬ್ಬರನ್ನೂ ಪುಸಲಾಯಿಸಬೇಕಾಗಲಿಲ್ಲ.