ಶಿವರಾತ್ರಿ ಕಳೆದ ಮೇಲೆ ಮುಗಿಯುವ ಸ್ವೆಟರ್

ಇವತ್ತು ಅಂಗಡಿಯಲ್ಲಿ ಉಲ್ಲನ್ ವಾಸನೆ ಮೂಗಿಗೆ ಬಡಿದಾಗ ಹಳೆಯ ಸಿಟ್ಟೇ ಮರುಕಳಿಸಿತು.

ಚಿನಕುರಳಿಯ ನಮ್ಮ ಮನೆಯಲ್ಲಿ ಚಳಿ ಶುರುವಾದ ಮೇಲೆಯೇ ದೊಡ್ಡವ್ವ ನನ್ನ ಹಳೆಯ ಸ್ವೆಟರಿನ ಹೆಣಿಗೆ ಬಿಚ್ಚಿ, ಹೊಸ ದಾರ ಸೇರಿಸಿ, ದೊಡ್ಡದಾಗಿ ಹೆಣೆಯಲು ಕೂರುತ್ತಿದ್ದಳು. ನೀರೊಲೆಯ ಮುಂದೆ ನಾನು ಕೈಚಾಚಿ ದಾರ ಹಿಡಿಯಬೇಕಿತ್ತು. ಒಂದು ಹೆಣಿಗೆ ತಪ್ಪಿದರೂ ಅಷ್ಟನ್ನೂ ಬಿಚ್ಚುತ್ತಿದ್ದಳು.

“ತಪ್ಪಿದ್ರೂ ಪರ್ವಾಗಿಲ್ಲ, ಕೊಡು ದೊಡ್ಡವ್ವ. ಸ್ಕೂಲಲ್ಲಿ ನಡುಗ್ತೀನಿ.”

“ಸುಮ್ಕಿರೇ. ಊರೋರು ನನ್ ಕೆಲ್ಸ ನೋಡಿ ನಗ್ಬೇಕಾ?”

ಶಿವರಾತ್ರಿ ಕಳೆದ ಮೇಲೆ ಸ್ವೆಟರ್ ಮುಗಿಯುತ್ತಿತ್ತು. ಉರಿಬಿಸಿಲಲ್ಲಿ ತೊಡಿಸಿ, ಬೀದಿಯವರಿಗೆಲ್ಲ ತೋರಿಸಿ, “ಬೆಚ್ಚಗೈತಾ ಮಗಾ?” ಎನ್ನುತ್ತಿದ್ದಳು. ಬೆವರುತ್ತಲೇ ತಲೆಯಾಡಿಸುತ್ತಿದ್ದೆ. ಮುಂದಿನ ಚಳಿಗಾಲಕ್ಕೆ ಅದು ಬಿಗಿಯಾಗುತ್ತಿತ್ತು. ಮತ್ತೆ ಬಿಚ್ಚುವ ಕೆಲಸ.

ಈಗ ದೊಡ್ಡವ್ವನ ಮುಂದೆ ದಾರ ಹಿಡಿಯುವ ಸರದಿ ಅಕ್ಕನ ಮಗಳದು. ನಿನ್ನೆ ಫೋನಿನಲ್ಲಿ ಪಿಸುಗುಟ್ಟಿದಳು: “ಚಿಕ್ಕಿ, ಅಂಗಡೀದು ಒಂದು ತಂದ್ಬುಡು. ಅಜ್ಜಿಗೆ ನೀನೇ ಹೇಳು.”

ಸ್ವೆಟರ್ ಕೊಂಡಿದ್ದೇನೆ. ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.