ಭೀಮನ ಬಾಗಿಲಿಗೆ ಬಂದ ವರಗಳು

ನಮ್ಮ ಮನೆಯ ಗಂಡಸರಿಬ್ಬರಿಗೂ ಕೂದಲಿನ ಯೋಗವಿರಲಿಲ್ಲ. ಒಬ್ಬರು ನನ್ನ ಯಜಮಾನರು ಚಂದ್ರು. ಮದುವೆಯ ಫೋಟೋದಲ್ಲೇ ಅವರ ಹಣೆ ಪೇಟದೊಳಕ್ಕೆ ನುಗ್ಗಿದೆ. ಇನ್ನೊಬ್ಬ ಭೀಮ, ನಮ್ಮ ಕಂದು ನಾಯಿ. ಅವನದು ಕಂಬಳಿಯಂಥ ಮೈ. ಕಳೆದ ವರ್ಷ ಕೂದಲು ಉದುರತೊಡಗಿತು. ಉದುರುವುದರಲ್ಲೂ ಶಿಸ್ತು: ಎಡಪಕ್ಕೆಯಲ್ಲಿ ಅಂಗೈಯಗಲ ಬೋಳಾದರೆ ಬಲಪಕ್ಕೆಯಲ್ಲೂ ಅಷ್ಟೇ. ಕೆರೆತವಿಲ್ಲ, ಗಾಯವಿಲ್ಲ. ಚರ್ಮ ಮಾತ್ರ ಬಾಣಲೆಯ ತಳದ ಹಾಗೆ ಕಪ್ಪಾಗುತ್ತಿತ್ತು.

ಸಮದುಃಖಿ ಚಂದ್ರು ತಮ್ಮ ತಲೆಗೆ ಹಚ್ಚುವ ಎಣ್ಣೆಯನ್ನೇ ಅವನಿಗೂ ತಿಕ್ಕಿದರು. ಆ ಎಣ್ಣೆ ತಮ್ಮ ತಲೆಯ ಮೇಲೆ ಮಾಡಿರುವ ಸಾಧನೆಯನ್ನು ದಿನವೂ ಕನ್ನಡಿಯಲ್ಲಿ ನೋಡುತ್ತಾ ಇಷ್ಟು ನಂಬಿಕೆ ಉಳಿಸಿಕೊಳ್ಳುವುದು ಗಂಡಸರಿಗೆ ಮಾತ್ರ ಸಾಧ್ಯ. ಭೀಮ ಎಣ್ಣೆ ನೆಕ್ಕಿದ. ಕೂದಲು ಬರಲಿಲ್ಲ.

ಬಂದದ್ದು ವರಗಳು! ನಮ್ಮ ಬಡಾವಣೆ ಒಂಟಿಕೊಪ್ಪಲಿನ ಗಂಡುನಾಯಿಗಳೆಲ್ಲ ನಮ್ಮ ಗೇಟಿನ ಮುಂದೆ ಠಿಕಾಣಿ ಹೂಡಿದವು. ವಾಕಿಂಗಿಗೆ ಹೊರಟರೆ ಹಿಂದೆ ದಿಬ್ಬಣ. ವರ್ಷಗಟ್ಟಲೆ ಭೀಮನಿಗೆ ಹಲ್ಲು ಕಿರಿದ ಮೂಲೆಮನೆಯ ಕರಿನಾಯಿ ಈಗ ಅವನ ಕಿವಿ ನೆಕ್ಕಲು ಬಂತು. ಭೀಮ ನಾಚಲೂ ಆರ, ಬೊಗಳಲೂ ಆರ. ಎದುರುಮನೆಯ ಪುಟ್ಟತಾಯಮ್ಮ ಕಾಂಪೌಂಡಿನಿಂದ ಬಗ್ಗಿ, "ಇದೇನ್ರವ್ವಾ, ನಿಮ್ ಭೀಮ ಎಣ್ಣಾ? ನಾನು ಇಷ್ಟ್ ದಿನ ಗಂಡು ಅನ್ಕಂಬುಟ್ಟಿದ್ದೆ!" ಅಂದರು. ಚಂದ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ತಮ್ಮನ್ನೇ ಕೇಳಿದರೇನೋ ಎಂಬಂತೆ.

ಪಶುವೈದ್ಯೆ ಭೀಮನ ಹೊಟ್ಟೆ, ಊದಿದ ಮೊಲೆತೊಟ್ಟು, ತೊಡೆಸಂದಿ ಎಲ್ಲ ಮುಟ್ಟಿ ನೋಡಿದರು. "ಇವನಿಗೆ ಬೀಜ ಒಂದೇ ಇದೆಯಲ್ಲ ಸಾರ್, ಇನ್ನೊಂದೆಲ್ಲಿ?"

ಬರುವಾಗ ದಾರಿಯಲ್ಲಿ ಬಿತ್ತೇನೋ ಎಂಬಂತೆ ಚಂದ್ರು ನೆಲ ನೋಡಿದರು.

ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಇನ್ನೊಂದು ಹುಟ್ಟಿದಾಗಿನಿಂದ ಕೆಳಗಿಳಿಯದೆ ಹೊಟ್ಟೆಯಲ್ಲೇ ಕೂತು, ಗಡ್ಡೆಯಾಗಿ, ಹೆಣ್ಣಿನ ಹಾರ್ಮೋನು ಸುರಿಸುತ್ತಿತ್ತು. ಅದಕ್ಕೇ ಕೂದಲು ಉದುರಿದ್ದು, ಮೊಲೆತೊಟ್ಟು ಊದಿದ್ದು, ಮೈಗೆ ಹೆಣ್ಣಿನ ವಾಸನೆ ಬಂದದ್ದು. ಹೆಣ್ಣಿನ ಹಾರ್ಮೋನು ಎಲ್ಲ ಗಂಡಿನಲ್ಲೂ ಚೂರು ಇರುತ್ತದಂತೆ, ಗಂಡಿನದು ನಮ್ಮಲ್ಲೂ. ಗಂಡಸುತನ ಮೀಸೆಯಲ್ಲಿದೆ, ದೊಡ್ಡ ಗಂಟಲಿನಲ್ಲಿದೆ ಎಂದು ನಂಬಿದ ಲೋಕಕ್ಕೆ ಇದನ್ನು ಯಾರು ಹೇಳಬೇಕು?

"ಎರಡನ್ನೂ ತೆಗೆದುಬಿಟ್ಟರೆ ಕೂದಲು ವಾಪಸ್ ಬರತ್ತೆ" ಅಂದರು ಡಾಕ್ಟರು.

ಚಂದ್ರುವಿನ ಕಣ್ಣು ಅರಳಿತು. "ಬಕ್ಕತಲೆಗೂ ಹಾರ್ಮೋನೇ ಕಾರಣ ಅಂತಾರಲ್ಲ ಡಾಕ್ಟ್ರೇ?"

"ಹೌದು ಸಾರ್. ಇದೇ ಟ್ರೀಟ್‌ಮೆಂಟ್ ಬೇಕಾ?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಆದರೆ ಡಾಕ್ಟರು ಭೀಮನ ತುಟಿ ಎತ್ತಿ ಬಿಳಿಚಿದ ಒಸಡು ತೋರಿಸಿದಾಗ ನಗು ನಿಂತಿತು. "ಈ ಹಾರ್ಮೋನು ಹೆಚ್ಚಾದರೆ ಮೂಳೆಯೊಳಗೆ ರಕ್ತ ಹುಟ್ಟೋದೇ ನಿಲ್ಲತ್ತೆ. ತಡ ಮಾಡಿದರೆ ಉಳಿಯಲ್ಲ."

ಹೊರಗಿನ ಬೆಂಚಿನಲ್ಲಿ ಕೂತ ಚಂದ್ರು ಮೆಲ್ಲಗೆ, "ಗಂಡಾಗಿ ಹುಟ್ಟಿದವನಿಗೆ ಹಿಂಗೆ ಮಾಡೋದಾ ಕಣೇ?" ಅಂದರು. ಭೀಮ ಬಂದು ಅವರ ಮೊಣಕಾಲಿನ ಮೇಲೆ ಗಲ್ಲ ಊರಿದ. ಅವರು ಆ ಬೋಳುಪಕ್ಕೆಯ ಮೇಲೆ ಕೈಯಾಡಿಸಿದರು. ಆಮೇಲೆ ತಾವೇ ಎದ್ದು ಅವನನ್ನು ಎತ್ತಿಕೊಂಡು ಒಳಗೆ ಹೋದರು.

ಆಪರೇಷನ್ ನಡೆಯಿತು. ಭೀಮನಿಗೆ ರಕ್ತ ಕೊಡಬೇಕಾಯಿತು. ಎಚ್ಚರವಾದಾಗ ಅವನು ಬಾಲವನ್ನು ಒಮ್ಮೆ ನೆಲಕ್ಕೆ ಬಡಿದ; ಇವರು ಕರ್ಚೀಫು ಹುಡುಕಿದರು.

ಬರಬರುತ್ತಾ ಗೇಟಿನ ಮುಂದಿನ ವರಗಳು ಕರಗಿದವು. ಕರಿನಾಯಿ ಮತ್ತೆ ಹಲ್ಲು ಕಿರಿಯಿತು. ನಮಗೆ ಅದೇ ಶುಭಸಮಾಚಾರ. ತಿಂಗಳುಗಳ ಮೇಲೆ ಭೀಮನ ಪಕ್ಕೆಗಳಲ್ಲಿ ಮರಿಯ ಮೈಯಂಥ ನುಣುಪು ಕೂದಲು ಚಿಗುರಿತು.

ಮೊನ್ನೆ ಪುಟ್ಟತಾಯಮ್ಮ ಚಂದ್ರುವನ್ನು ಬೀದಿಯಲ್ಲೇ ತಡೆದು ಕೇಳಿದರು: "ಆಪರೇಷನ್ ಆಯ್ತಂತೆ. ಈಗ ಅದು ಗಂಡಾ, ಎಣ್ಣಾ?"

ಚಂದ್ರು ಬಗ್ಗಿ ಭೀಮನ ಹೊಸ ಕೂದಲನ್ನು ನೀವಿದರು. "ಅವನನ್ನೇ ಕೇಳಿದೆ ಕಣಮ್ಮ. ಊಟದ ಹೊತ್ತಾಯ್ತು ಅಂದ."