ಗಂಗತ್ತೆಗೆ ಸಿಕ್ಕಿದ ಇಂಗ್ಲಿಷ್ ಪದ

ಮೊನ್ನೆ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಹೊಸ ಕಂಬಳಿಗಳ ರಾಶಿಯ ಪಕ್ಕ ಹಾದುಹೋಗುವಾಗ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅಂದಿನಿಂದ ಒಂಥರಾ ರೆಸ್ಟ್‌ಲೆಸ್, ಕೂತಲ್ಲಿ ಕೂರಲಾರೆ. ನಿಮಗೂ ಹೀಗಾಗುವುದುಂಟೇ? ಕುರಿಯ ಜಿಡ್ಡು, ಒದ್ದೆ ಉಣ್ಣೆ, ಕುದಿಯುವ ಗಂಜಿ. ತಳಕು ಊರಿನ ನಮ್ಮ ಮನೆಗೆ ಇದೇ ವಾಸನೆಯಿತ್ತು. ಅಪ್ಪ ಮಗ್ಗದ ಗುಂಡಿಗೆ ಕಾಲಿಳಿಸಿ ಕಂಬಳಿ ನೇಯುತ್ತಿದ್ದರು. ಅವ್ವ ಮತ್ತು ಅಪ್ಪನ ತಂಗಿ ಗಂಗತ್ತೆ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತಿದ್ದರು. ಅತ್ತೆಯ ನೂಲು ಊರಿಗೇ ನಯ. ಮದುವೆಯ ವಯಸ್ಸು ಮಾತ್ರ ದಾಟಿತ್ತು. ನಾನು ಶಾಲೆಯಲ್ಲಿದ್ದಾಗ ಒಂದು ಬೇಸಿಗೆ ಅಪ್ಪ ಮೊಳಕಾಲ್ಮೂರು ಕಡೆಯ ರಾಂಪುರದಿಂದ, ಹೆಂಡತಿ ಸತ್ತ ಗಂಡೊಂದನ್ನು ಗೊತ್ತುಮಾಡಿದ್ದರು. ಅತ್ತೆಗೆ ಮನಸ್ಸಿರಲಿಲ್ಲ, ಅವಳನ್ನು ಕೇಳಿದವರೂ ಇರಲಿಲ್ಲ.

ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನ್ನನ್ನು ಅತ್ತೆ ಕೇಳಿದಳು, "ಇಂಗ್ಲಿಷ್‌ನಾಗೆ ನನ್ನಂಥೋಳಿಗೆ ಏನಂತಾರೆ ಕಣೆ?" ಸಿಸ್ಟರ್ ಕಲಿಸಿದ್ದ 'ಸ್ಪಿನ್‌ಸ್ಟರ್' ಗೊತ್ತಿತ್ತು, ಮದುವೆಯಾಗದವಳು ಎನ್ನಲು ಬಾಯಿ ಬರಲಿಲ್ಲ. ಡಿಕ್ಷನರಿ ತೆರೆದೆ. ಪದದ ಮೂಲವೂ ಅಲ್ಲೇ ಇತ್ತು: ನೂಲುವವಳು. ಅದನ್ನೇ ಅತ್ತೆಗೆ ಓದಿ ಹೇಳಿದೆ. ಒಂಟಿ ಹೆಂಗಸರು ನೂತು ಬದುಕುತ್ತಿದ್ದರಂತೆ, ಕಸುಬಿನ ಹೆಸರೇ ಅವರಿಗೆ ನಿಂತಿತಂತೆ.

ಅತ್ತೆಯ ರಾಟೆ ನಿಂತಿತು. "ಅವರೇ ದುಡ್ಕೊಂಡು ಉಣ್ತಿದ್ರಾ?"

"ಹೂಂ ಅತ್ತೆ."

"ಹಂಗಾರೆ ನಿಮ್ಮವ್ವನೂ ಅದೇ ಅಲ್ಲೇನೆ! ನನಗಿಂತ ಜಾಸ್ತಿ ನೂಲ್ತಾಳೆ."

"ನಿಮ್ಮಣ್ಣನ ಮುಂದೆ ಹೇಳು, ಗೊತ್ತಾಗ್ತೈತೆ," ಎಂದು ಅವ್ವ ನಕ್ಕಳು. ಅತ್ತೆ ನಗಲಿಲ್ಲ.

ನಮ್ಮ ಮನೆತನಗಳಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಿರಲಿಲ್ಲ. ಹಿಡಿ ಉಣ್ಣೆ ಕೊಟ್ಟು ನೂಲಿಸುತ್ತಿದ್ದರು. ರಾಂಪುರದವರೂ ಕೊಟ್ಟರು. ಅತ್ತೆ ತಲೆ ತಗ್ಗಿಸಿ ನೂತಳು. ಒಂದೆಡೆ ಹಗ್ಗದಷ್ಟು ದಪ್ಪ, ಒಂದೆಡೆ ಜೇಡರ ಬಲೆಯಷ್ಟು ತೆಳು ಎಳೆ, ನಡುನಡುವೆ ಗಂಟು. ಗಂಡಿನ ತಾಯಿ ಜಗ್ಗಿದ್ದೇ ತಡ, ಪಟ್ಟನೆ ಹರಿಯಿತು.

"ಇದೇನವ್ವ, ಇದ್ರಾಗೆ ನಾಯಿನೂ ಕಟ್ಟಾಕಾಗಲ್ಲ," ಎಂದು ಮುದುಕಿ ಎದ್ದೇಬಿಟ್ಟಳು.

ಅವರು ಹೋದ ಮೇಲೆ ಅಪ್ಪ ಆ ನೂಲನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ಬೇಕಂತಲೇ ಮಾಡ್ದೆ ಅಲ್ಲೇನೆ, ಗಂಗೀ?"

"ಹೂಂ ಅಣ್ಣ. ನೂತು ಉಣ್ತೀನಿ. ನಿನಗೆ ಭಾರ ಆಗಲ್ಲ."

"ಭಾರ ಅಂತ ಯಾರಂದ್ರು?" ಎಂದು ಅಪ್ಪ ಮಗ್ಗದ ಗುಂಡಿಗೆ ಇಳಿದರು. ಮತ್ತೆ ಯಾವ ಗಂಡನ್ನೂ ಅವರು ಕರೆತರಲಿಲ್ಲ.

ಈಗ ಅವರು ಯಾರೂ ಇಲ್ಲ. ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಬಳಿದಾಗಿದೆ. ನಾನೂ ಮದುವೆಯಾಗಲಿಲ್ಲ, ಟೀಚರಾಗಿ ಎಷ್ಟೋ ಮಕ್ಕಳಿಗೆ ಎಷ್ಟೋ ಪದಗಳ ಮೂಲ ಹೇಳಿಕೊಟ್ಟೆ. ನೂಲುವುದನ್ನು ಮಾತ್ರ ಅತ್ತೆಯಿಂದ ಕಲಿಯಲೇ ಇಲ್ಲ. ಸಂಜೆಯಾದರೆ ಈ ಕೈಗಳಿಗೆ ಏನು ಕೊಡಲಿ ಎಂದು ತೋಚದೆ, ದೀಪ ಹಾಕುತ್ತ, ಆರಿಸುತ್ತ, ಕೋಣೆಯಿಂದ ಕೋಣೆಗೆ ಓಡಾಡುತ್ತೇನೆ.